ಅನಂತದಲ್ಲೂ ಹೆಚ್ಚು ಕಡಿಮೆ ಉಂಟೇ?

(ಮರಳೂರಿನಲ್ಲಿ ಮಾಡಿದ ಭಾಷಣದ ಬರಹರೂಪ)

ನಿಮ್ಮ ಊರಿನ ಹೆಸರಲ್ಲೇ ಮರಳಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಮರಳಿನ ಕಣಗಳು ಅನಂತ ಎಂದು ಸಲೀಸಾಗಿ ಹೇಳಿಬಿಡುತ್ತೇವೆ. ಹಾಗಲ್ಲ. ದಿನಕ್ಕೊಂದು ಕಣ ತೆಗೆಯುತ್ತ ಹೋದರೆ ಎಂಥ ರಾಶಿಯೂ ಒಂದು ದಿನ ಬರಿದಾಗುತ್ತದೆ. ಎಣಿಸಲು ಕಷ್ಟವಾದದ್ದು ಬೇರೆ, ಕೊನೆಯೇ ಇಲ್ಲದ್ದು ಬೇರೆ. ಜೈನ ಆಚಾರ್ಯರು ಈ ವಿಷಯದಲ್ಲಿ ಬಹಳ ಬಿಗಿ. ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರಾಗಿ ವಿಂಗಡಿಸಿದ್ದರು.

ಸುಮಾರು 1200 ವರ್ಷಗಳ ಹಿಂದೆ, ರಾಷ್ಟ್ರಕೂಟರ ಕಾಲದಲ್ಲಿ, ವೀರಸೇನಾಚಾರ್ಯರು ‘ಧವಲಾ’ ಎಂಬ ಟೀಕೆ ಬರೆದರು. ಅವರ ಶಿಷ್ಯ ಜಿನಸೇನರೇ ನೃಪತುಂಗನ ಗುರುಗಳು. ಆ ಗ್ರಂಥದ ಹಳೆಯ ತಾಳೆಗರಿ ಪ್ರತಿಗಳು ಕನ್ನಡ ಲಿಪಿಯಲ್ಲಿ ಉಳಿದುಬಂದದ್ದು ಮೂಡಬಿದಿರೆಯ ಬಸದಿಯಲ್ಲಿ. ಬಹುಕಾಲ ಅವು ದರ್ಶನಕ್ಕಿದ್ದವು, ಓದಿಗಲ್ಲ. ಗ್ರಂಥ ಅಚ್ಚಾಗತೊಡಗಿದ್ದು 1939ರಿಂದ.

ಅದರಲ್ಲೊಂದು ಚರ್ಚೆ: ಆದಿಯಿಲ್ಲದ ಭೂತಕಾಲದ ಕ್ಷಣಗಳು ಹೆಚ್ಚೋ, ಮಿಥ್ಯಾದೃಷ್ಟಿ ಜೀವಗಳು, ಅಂದರೆ ಇನ್ನೂ ಸರಿದಾರಿ ಕಾಣದ ಜೀವಗಳು ಹೆಚ್ಚೋ? (ದಾರಿ ತಪ್ಪಿದವರ ಲೆಕ್ಕಕ್ಕೆ ಅನಂತವೇ ಬೇಕಾಯಿತು ನೋಡಿ!) ವೀರಸೇನರ ಉಪಾಯ ಸರಳ. ಆ ಕಡೆಯಿಂದ ಒಂದು ಕ್ಷಣ, ಈ ಕಡೆಯಿಂದ ಒಂದು ಜೀವ, ಹೀಗೆ ಜೋಡಿಯಾಗಿ ತೆಗೆಯುತ್ತ ಹೋಗಿ. ಕ್ಷಣಗಳು ತೀರಿದರೂ ಜೀವಗಳು ಉಳಿಯುತ್ತವೆ ಎಂದರು. ಮದುವೆಮನೆಯಲ್ಲಿ ನಾವು ಮಾಡುವುದೂ ಇದನ್ನೇ. ಎಲೆಗೊಬ್ಬರು ಕೂತ ಮೇಲೂ ಎಲೆ ಮಿಕ್ಕರೆ ಎಲೆಯೇ ಹೆಚ್ಚು; ತಲೆ ಎಣಿಸಬೇಕಾಗಿಲ್ಲ.

ಆದರೆ ಇಲ್ಲೊಂದು ತೊಡಕಿದೆ. 1, 2, 3 ಎಂದು ಸಾಗುವ ಸಂಖ್ಯೆಗಳ ಎದುರಿಗೆ 2, 4, 6 ಎಂಬ ಸಮ ಸಂಖ್ಯೆಗಳನ್ನಿಡಿ. 2ಕ್ಕೆ 2, 4ಕ್ಕೆ 4 ಜೋಡಿಸಿದರೆ ಬೆಸ ಸಂಖ್ಯೆಗಳೆಲ್ಲ ಮಿಕ್ಕವು. 1ಕ್ಕೆ 2, 2ಕ್ಕೆ 4, 3ಕ್ಕೆ 6 ಎಂದು ಜೋಡಿಸಿ, ಒಂದೂ ಮಿಗದು! ವರ್ಗಸಂಖ್ಯೆಗಳಲ್ಲಿ ಇದನ್ನೇ ಕಂಡ ಗೆಲಿಲಿಯೋ, ಅನಂತಗಳಿಗೆ ಹೆಚ್ಚು ಕಡಿಮೆ ಎಂಬ ಮಾತೇ ಸಲ್ಲದು ಎಂದು 1638ರಲ್ಲಿ ಕೈಬಿಟ್ಟ. ನನಗನ್ನಿಸುವಂತೆ ವೀರಸೇನರ ಹಾದಿ ಸರಿ, ತೀರ್ಮಾನಕ್ಕೆ ಒಂದು ಜೋಡಣೆ ಸಾಲದು. ಹೇಗೆ ಜೋಡಿಸಿದರೂ ಮಿಗುತ್ತದೆ ಎಂದು ತೋರಿಸಬೇಕು.

ತೋರಿಸಿದವನು ಜರ್ಮನಿಯ ಕ್ಯಾಂಟರ್. ಅವನ 1891ರ ಯುಕ್ತಿಯನ್ನು ನಮ್ಮ ಎಣಿಕೆಯ ಸಂಖ್ಯೆಗಳಿಗೆ ಒಗ್ಗಿಸಿ ಹೇಳುತ್ತೇನೆ. 5, 5, 5 ಎಂದು ಮುಗಿಯದೆ ಸಾಗುವುದು ಒಂದು ಸಾಲು; 1, 4, 9 ಎಂದು ಸಾಗುವುದು ಇನ್ನೊಂದು. ಇಂಥ ಎಲ್ಲ ಸಾಲುಗಳನ್ನೂ ಒಂದನೆಯದು, ಎರಡನೆಯದು ಎಂದು ಪಟ್ಟಿ ಮಾಡಿದ್ದೇನೆಂದು ಯಾರಾದರೂ ಬರಲಿ. ನೀವು ಮೊದಲ ಸಾಲಿನ ಮೊದಲ ಸಂಖ್ಯೆಗೆ ಒಂದು ಕೂಡಿಸಿ ಬರೆದುಕೊಳ್ಳಿ, ಎರಡನೆಯ ಸಾಲಿನ ಎರಡನೆಯದಕ್ಕೆ ಒಂದು, ಹೀಗೇ ಮುಂದೆ. ಹುಟ್ಟುವ ಹೊಸ ಸಾಲು ಪಟ್ಟಿಯ ಮೊದಲನೆಯದಲ್ಲ, ಏಕೆಂದರೆ ಮೊದಲ ಸಂಖ್ಯೆಯೇ ಬೇರೆ. ನೂರನೆಯದೂ ಅಲ್ಲ, ನೂರನೆಯ ಸಂಖ್ಯೆ ಬೇರೆ. ಪಟ್ಟಿಯಲ್ಲಿ ಅದು ಎಲ್ಲೂ ಇಲ್ಲ.

ಬಿಟ್ಟುಹೋದದ್ದನ್ನು ಪಟ್ಟಿಯ ತಲೆಗೆ ಸೇರಿಸುತ್ತೇನೆ ಎನ್ನುತ್ತೀರಾ? ಸೇರಿಸಿ. ಹೊಸ ಪಟ್ಟಿಗೂ ಅದೇ ಗತಿ.