ದೀಪದ ಲೆಕ್ಕವೂ ದುಡಿಮೆಯ ಲೆಕ್ಕವೇ
(ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತಯಾರಾದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ದುಡಿಯುವವರ ಮನೆಗೆ ದೀಪ ಬಂದದ್ದು ಬಹುಕಾಲದ ಮೇಲೆ. ಹಾಗೆ ಬಂದ ದೀಪದ ಖರ್ಚನ್ನು ತಗ್ಗಿಸುವುದು ಹೇಗೆಂಬುದೇ ಇಂದಿನ ಮಾತು.

ನಮ್ಮ ರಾಜ್ಯದಲ್ಲಿ 2023ರಲ್ಲಿ ಗೃಹಜ್ಯೋತಿ ಬಂದಿತು. "ಇನ್ನೇನು ಚಿಂತೆ?" ಎಂದು ಕೆಲವರು ಕೇಳುತ್ತಾರೆ. ಅದರ ಕಟ್ಟಳೆಯನ್ನು ನೋಡೋಣ. ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಉಚಿತದ ಮಿತಿ ನಿಗದಿಯಾಗಿದೆ. ಅದನ್ನು ಮೀರಿದ ಯೂನಿಟ್ಟಿಗೆ ಹಣ ತೆರಬೇಕು. ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲು! ಐದು ಯೂನಿಟ್ ಹೆಚ್ಚಾದರೆ 205ಕ್ಕೂ ಹಣ. ಅಂಗಡಿಯ ಮೀಟರಿಗಂತೂ ಈ ಸೌಲಭ್ಯವೇ ಇಲ್ಲ.

ಸಾವಿರ ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವನ ಮನೆಯಲ್ಲಿ ಫ್ಯಾನು ದಿನಕ್ಕೆ 12 ಗಂಟೆಯಾದರೂ ತಿರುಗುತ್ತದೆ. 75 ವಾಟಿನ ಹಳೆಯ ಫ್ಯಾನಾದರೆ ತಿಂಗಳಿಗೆ 27 ಯೂನಿಟ್. 30 ವಾಟಿನ ಹೊಸ ಬಗೆಯದಾದರೆ ಹನ್ನೊಂದರೊಳಗೆ. 60 ವಾಟಿನ ಬುರುಡೆ ದೀಪ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವಾಟಿನ ಎಲ್‌ಇಡಿಗೆ ಒಂದೂವರೆಯೂ ಆಗದು. 2000 ವಾಟಿನ ಗೀಸರು ದಿನಕ್ಕೊಂದು ಗಂಟೆ ಉರಿದರೆ 60 ಯೂನಿಟ್! ಬಿಲ್ಲು ಏರುವುದು ಎಲ್ಲಿಂದೆಂದು ಈಗ ತಿಳಿಯಿತಲ್ಲವೆ?

ಬಿಸಿಲು ಕಾಯುವ ತಾರಸಿಗೆ ಬಿಳಿ ಸುಣ್ಣ, ಶೀಟಿಗೆ ಬಿಳಿ ಬಣ್ಣ ಬಳಿದರೆ ಒಳಗಿನ ಕಾವು ಇಳಿಯುತ್ತದೆ. ಫ್ಯಾನು ಮೈಗೆ ತಂಪು ಕೊಡುತ್ತದೆಯೇ ಹೊರತು ಕೋಣೆಯನ್ನು ತಂಪು ಮಾಡುವುದಿಲ್ಲ. ಆಳಿಲ್ಲದ ಕೋಣೆಯಲ್ಲಿ ಅದು ತಿರುಗುವುದು ಬರೀ ದಂಡ.

ಆದರೆ ಬಂಧುಗಳೇ, ಇದು ಬರಿಯ ಮಿತವ್ಯಯದ ಉಪದೇಶವಲ್ಲ. ಕಡಿಮೆ ಕರೆಂಟು ತಿನ್ನುವ ಫ್ಯಾನಿಗೆ ಅಂಗಡಿಯಲ್ಲಿ ಬೆಲೆ ಹೆಚ್ಚು. ಕೈಯಲ್ಲಿ ಕಾಸಿದ್ದವನು ಅದನ್ನು ಕೊಂಡು ತಿಂಗಳು ತಿಂಗಳೂ ಉಳಿಸುತ್ತಾನೆ. ಕಾಸಿಲ್ಲದವನು ಅಗ್ಗದ್ದನ್ನು ತಂದು ವರ್ಷಗಟ್ಟಲೆ ಹೆಚ್ಚು ತೆರುತ್ತಾನೆ. ಬಾಡಿಗೆ ಮನೆಯ ಸೂರು ಮಾಲೀಕನದು, ಸೆಖೆ ಮಾತ್ರ ನಮ್ಮದು. ಬಡತನವೇ ಇಲ್ಲಿ ದುಬಾರಿ!

ಇದಕ್ಕೆ ಒಬ್ಬೊಬ್ಬರಾಗಿ ಮದ್ದಿಲ್ಲ. ಒಂದು ಓಣಿಯ ಇಪ್ಪತ್ತು ಮನೆಯವರು ಸೇರಿ, ನಕ್ಷತ್ರದ ಗುರುತು ನೋಡಿ, ಸಗಟು ದರದಲ್ಲಿ ಕೊಳ್ಳೋಣ. ಮದುವೆಗೆ ಸಾಲ ಕೊಡುವ ನಮ್ಮ ಪತ್ತಿನ ಸಹಕಾರ ಸಂಘಗಳು ಫ್ಯಾನಿಗೂ ದೀಪಕ್ಕೂ ಕಂತಿನ ಸಾಲ ಕೊಡಲೆಂದು ಮುಂದಿನ ಮಹಾಸಭೆಯಲ್ಲಿ ಕೇಳೋಣ. ಸೂರಿಗೆ ಬಿಳಿ ಬಳಿಸಿಕೊಡಿರೆಂದು ಮಾಲೀಕರನ್ನು ಬಾಡಿಗೆದಾರರೆಲ್ಲ ಒಟ್ಟಾಗಿಯೇ ಕೇಳೋಣ.

ಈ ರಾತ್ರಿ ಮನೆಗೆ ಹೋದೊಡನೆ ಕಳೆದ ತಿಂಗಳ ಬಿಲ್ಲನ್ನು ತೆಗೆದು ಯೂನಿಟ್ಟಿನ ಲೆಕ್ಕ ಓದಿರಿ. ಬರುವ ಭಾನುವಾರ ಆ ಬಿಲ್ಲುಗಳೊಡನೆ ಇಲ್ಲಿಯೇ ಕೂಡೋಣ.