ದುಡ್ಡು ಕೊಟ್ಟಿದ್ದು ನೀವು, ಆದ್ರೆ ಅದು ನಿಮ್ಮದಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲೋ, ಮೆಟ್ರೋದಲ್ಲೋ, ಪಾತ್ರೆ ತೊಳೀತಾನೋ ಇದನ್ನ ಕೇಳ್ತಾ ಇರೋರಿಗೆ ಸ್ವಾಗತ. ಇಯರ್‌ಫೋನ್ ಮರೆತು ಬಂದು ಇಲ್ಲಿ ಓದ್ತಾ ಇರೋರಿಗೂ ಸ್ವಾಗತ.

ಹೋದ ವಾರ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಸೆಕೆಂಡ್ ಪಿಯುಸಿ ಓದ್ತಿದ್ದಾನೆ. ಅಂದ್ರೆ, ಮನೆಯವರ ಪ್ರಕಾರ ಓದ್ತಿದ್ದಾನೆ. ದನಿ ತುಂಬಾ ಮೆತ್ತಗಿತ್ತು, ಆಗಲೇ ಡೌಟ್ ಬಂತು.

"ಅಣ್ಣಾ, ಒಂದು ಎಂಟುನೂರು ರೂಪಾಯಿ ಹಾಕ್ತೀಯಾ?"

"ಯಾಕೋ?"

"ಬಿಜಿಎಂಐನಲ್ಲಿ ಒಂದು ಗನ್ ಸ್ಕಿನ್ ಬಂದಿದೆ. ತಗೋಬೇಕು."

"ತಗೊಂಡ್ರೆ ಅದು ನಿಂದಾಗುತ್ತಾ?"

"ಇನ್ಯಾರದ್ದಾಗುತ್ತೆ?"

ನಾನು ಓದಿದ್ದು ಬಿಕಾಂ. ಅಕೌಂಟ್ಸ್ ಮೇಷ್ಟ್ರು ಮೊದಲ ಸೆಮಿಸ್ಟರ್‌ನಲ್ಲೇ ತಲೆಗೆ ತುಂಬಿಸಿದ್ದು ಒಂದೇ ಮಾತು: ಕೊಂಡಿದ್ದು ಆಸ್ತಿ, ಬ್ಯಾಲೆನ್ಸ್ ಶೀಟ್‌ಗೆ ಹೋಗುತ್ತೆ, ಬಾಡಿಗೆ ಕಟ್ಟಿದ್ದು ಖರ್ಚು, ಲಾಭ ನಷ್ಟದ ಖಾತೆಗೆ ಹೋಗುತ್ತೆ. ಎರಡನ್ನೂ ಕಲಸಿದರೆ ಸೊನ್ನೆ ಮಾರ್ಕ್ಸು. ಈ ಹುಡುಗನ ಎಂಟುನೂರನ್ನ ಯಾವ ಕಡೆ ಬರೀಬೇಕು ಅಂತ ಯೋಚನೆ ಮಾಡ್ತಾ ಕೂತೆ. ಇವತ್ತಿನ ಸಂಚಿಕೆ ಅಲ್ಲಿಂದ ಹುಟ್ಟಿದ್ದು.

ಮೊದಲು ಸ್ವಲ್ಪ ಹಳೇ ಕಥೆ. ನಾನು ಹೈಸ್ಕೂಲಲ್ಲಿದ್ದಾಗ ತಿಪಟೂರಲ್ಲಿ ಗೇಮ್ ಅಂದ್ರೆ ಸಿಡಿ. ಬೆಂಗಳೂರಿಗೆ ಹೋದೋರ ಹತ್ರ ನ್ಯಾಷನಲ್ ಮಾರ್ಕೆಟ್‌ನಿಂದ ತರಿಸ್ತಿದ್ವಿ. ಕಳ್ಳ ಸಿಡಿ, ಒಪ್ಕೋತೀನಿ, ಅದನ್ನ ಹೊಗಳೋಕೆ ಬಂದಿಲ್ಲ. ಒಂದು ವೈಸ್ ಸಿಟಿ ಸಿಡಿ ನಮ್ಮ ಬೀದಿಯ ಆರು ಮನೆ ಸುತ್ತಿ, ಗೀರು ಬಿದ್ದು, ಟೂತ್‌ಪೇಸ್ಟ್ ಹಚ್ಚಿ ಒರೆಸಿದ ಮೇಲೂ ಓಡ್ತಿತ್ತು. ಕೊನೆಗೆ ಅದು ಹಾಳಾಗಿದ್ದು ನಮ್ಮ ಕೈಯಿಂದಲೇ. ಯಾರೋ ಎಲ್ಲೋ ಕೂತು ಒಂದು ಬಟನ್ ಒತ್ತಿ ಹಾಳು ಮಾಡಲಿಲ್ಲ.

ಕಾನೂನಿನ ಪ್ರಕಾರ ನೋಡಿದ್ರೆ, ಅಂಗಡೀಲಿ ಅಸಲಿ ಸಿಡಿ ಕೊಂಡಿದ್ದರೂ ಸಿಗ್ತಿದ್ದಿದ್ದು ಬಳಸೋಕೆ ಲೈಸೆನ್ಸ್ ಅಷ್ಟೇ. ಆದ್ರೆ ಮನೆಗೆ ಬಂದು ಸಿಡಿ ವಾಪಸ್ ಕೊಡಿ ಅನ್ನೋರು ಯಾರೂ ಇರಲಿಲ್ಲ. ಈಗ ಮನೆಗೆ ಬರೋ ಅವಶ್ಯಕತೆನೇ ಇಲ್ಲ. ಬದಲಾಗಿರೋದು ಇದೊಂದೇ, ಆದ್ರೆ ದೊಡ್ಡ ಬದಲಾವಣೆ.

ಒಂದು ನಿಜವಾದ ಉದಾಹರಣೆ ತಗೊಳ್ಳಿ. ದಿ ಕ್ರೂ ಅಂತ ಯೂಬಿಸಾಫ್ಟ್ ಕಂಪನಿಯ ಒಂದು ಕಾರ್ ರೇಸಿಂಗ್ ಗೇಮ್, 2014ರಲ್ಲಿ ಬಂತು. ಒಬ್ಬರೇ ಆಡಿದ್ರೂ ಸರ್ವರ್‌ಗೆ ಕನೆಕ್ಟ್ ಆಗಿರಲೇಬೇಕು. 2024ರ ಮಾರ್ಚ್ 31ಕ್ಕೆ ಸರ್ವರ್ ಆಫ್ ಮಾಡಿದ್ರು. ಅಲ್ಲಿಗೆ ಮುಗೀತು. ಡಿಸ್ಕ್ ಕೊಂಡು ಶೋಕೇಸಲ್ಲಿ ಇಟ್ಟಿದ್ದವರಿಗೂ ಅದು ಬರೀ ಟೀ ಲೋಟ ಇಡೋ ತಟ್ಟೆ ಆಯ್ತು.

ಇದಕ್ಕೆ ಸಿಟ್ಟಾಗಿ ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಂತ ಒಂದು ಅಭಿಯಾನ ಶುರು ಮಾಡಿದ್ರು. ಯುರೋಪಿನಲ್ಲಿ ನಾಗರಿಕರ ಅರ್ಜಿಗೆ 10 ಲಕ್ಷ ಸಹಿ ಬೇಕಿತ್ತು, 2025ರ ಜುಲೈನಲ್ಲಿ ಅದು ದಾಟಿತು. ಅವರು ಸರ್ವರ್‌ಗಳನ್ನ ಶಾಶ್ವತವಾಗಿ ನಡೆಸಿ ಅಂತ ಕೇಳ್ತಿಲ್ಲ, ಇದನ್ನ ಗಮನಿಸಿ. ಹನ್ನೆರಡು ಜನ ಆಡೋ ಗೇಮಿಗೆ ಯಾವ ಕಂಪನಿ ತಾನೇ ಕರೆಂಟ್ ಬಿಲ್ ಕಟ್ಟುತ್ತೆ? ಮುಚ್ಚೋವಾಗ ಜನ ತಾವೇ ಆಡಿಕೊಳ್ಳೋ ಸ್ಥಿತೀಲಿ ಬಿಟ್ಟು ಹೋಗಿ ಅಂತ ಕೇಳ್ತಿದ್ದಾರೆ. ನನಗಂತೂ ಇದು ನ್ಯಾಯ ಅನ್ಸುತ್ತೆ.

ಬರೀ ಗೇಮ್ ಅಲ್ಲ. 2009ರಲ್ಲೇ ಅಮೆಜಾನ್ ತನ್ನ ಗ್ರಾಹಕರ ಕಿಂಡಲ್‌ಗಳಿಂದ ಕೊಂಡ ಪುಸ್ತಕವನ್ನ ದೂರದಿಂದಲೇ ಅಳಿಸಿಹಾಕಿತ್ತು. ಮಾರಿದವರಿಗೆ ಹಕ್ಕೇ ಇರಲಿಲ್ಲ ಅನ್ನೋದು ಕಾರಣ. ದುಡ್ಡು ವಾಪಸ್ ಕೊಟ್ರು, ಕ್ಷಮೆನೂ ಕೇಳಿದ್ರು. ಅಳಿಸಿದ ಪುಸ್ತಕ ಯಾವುದು ಗೊತ್ತಾ? ಜಾರ್ಜ್ ಆರ್ವೆಲ್ ಅವರ 1984. ನಾನು ಜೋಕ್ ಮಾಡ್ತಿಲ್ಲ.

ನಮ್ಮಲ್ಲಿಗೆ ಬರೋಣ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆಪ್‌ಗಳನ್ನ ಬ್ಯಾನ್ ಮಾಡ್ತು, ಅದರಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಸರಿಯೋ ತಪ್ಪೋ ಅನ್ನೋ ಚರ್ಚೆ ಇವತ್ತು ಬೇಡ. ಸ್ಕಿನ್‌ಗೆ ದುಡ್ಡು ಹಾಕಿದ್ದ ಹುಡುಗನ ಕಡೆಯಿಂದ ಮಾತ್ರ ನೋಡಿ. 2021ರ ಜುಲೈ 2ಕ್ಕೆ ಬಿಜಿಎಂಐ ಬಂತು, ಹಳೇ ಅಕೌಂಟಿನ ಡೇಟಾ ತಂದುಕೊಳ್ಳೋಕೆ ಅವಕಾಶ ಕೊಟ್ರು, ಎಲ್ಲರೂ ಉಸ್ಸಪ್ಪಾ ಅಂದ್ರು. 2022ರ ಜುಲೈ ಕೊನೆಗೆ ಅದೂ ಸ್ಟೋರ್‌ಗಳಿಂದ ಮಾಯ. 2023ರ ಮೇನಲ್ಲಿ ಮತ್ತೆ ವಾಪಸ್, ಅದೂ ಮೊದಲು ಮೂರು ತಿಂಗಳ ಪರೀಕ್ಷೆಗೆ ಅಂತ. ಮೂರು ವರ್ಷದಲ್ಲಿ ಎರಡು ಸಲ ಹೋಗಿ ಎರಡು ಸಲ ಬಂದಿದ್ದನ್ನ 'ನಂದು' ಅಂತ ಹೆಂಗೆ ಕರೆಯೋದು?

ಬೆಂಗಳೂರಲ್ಲಿ ಮನೆ ಲೀಸ್‌ಗೆ ಹಾಕ್ಕೋತಾರಲ್ಲ, ಅದಾದ್ರೂ ವಾಸಿ. ಓನರ್ ಖಾಲಿ ಮಾಡಿ ಅಂದ್ರೆ ಕೊಟ್ಟ ದುಡ್ಡು ವಾಪಸ್ ಬರುತ್ತೆ. ಇಲ್ಲಿ ನಾವು ಬಾಡಿಗೇನ ಒಂದೇ ಸಲ ಕಟ್ಟಿರ್ತೀವಿ, ಅಗ್ರಿಮೆಂಟ್ ಓದಿರಲ್ಲ, ಎಷ್ಟು ದಿನಕ್ಕೆ ಅಂತನೂ ಗೊತ್ತಿರಲ್ಲ.

ದುಡ್ಡು ವಾಪಸ್ ಕೊಟ್ಟೋರೂ ಇದ್ದಾರೆ, ಅದನ್ನೂ ಹೇಳಬೇಕು. ಗೂಗಲ್ ತನ್ನ ಸ್ಟೇಡಿಯಾ ಅನ್ನೋ ಗೇಮಿಂಗ್ ಸೇವೆಯನ್ನ 2023ರ ಜನವರಿಯಲ್ಲಿ ಮುಚ್ಚಿದಾಗ, ತನ್ನ ಸ್ಟೋರ್‌ನಲ್ಲಿ ಕೊಂಡ ಗೇಮ್‌ಗಳ ದುಡ್ಡು ವಾಪಸ್ ಮಾಡ್ತು. ಅದು ಇಂಡಿಯಾಗೆ ಬಂದೇ ಇರಲಿಲ್ಲ, ಬಿಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನಿದೆ: ನೀವು ಮಾರ್ತಾ ಇರೋದು ಬರೀ ಲೈಸೆನ್ಸ್ ಆಗಿದ್ರೆ, 'ಬೈ' ಅನ್ನೋ ಬಟನ್ ಇಟ್ಟಿರೋ ಕಡೆ ಅದನ್ನ ಸ್ಪಷ್ಟವಾಗಿ ಹೇಳಬೇಕು. ಸ್ಟೀಮ್‌ನಲ್ಲಿ ಗೇಮ್ ಕೊಳ್ಳೋರು ಕಾರ್ಟ್ ಪೇಜಲ್ಲಿ ಒಂದು ಸಣ್ಣ ಸಾಲು ನೋಡಿರಬಹುದು, ನಿಮಗೆ ಸಿಗ್ತಿರೋದು ಲೈಸೆನ್ಸ್ ಅಂತ. ನೋಡಿಲ್ವಾ? ಮುಂದಿನ ಸೇಲ್‌ನಲ್ಲಿ ನೋಡಿ.

ಇಲ್ಲಿವರೆಗೂ ಹೇಳಿದ್ದು ದುಡ್ಡಿನ ವಿಷಯ. ದುಡ್ಡು ಹೋದ್ರೆ ಹೋಯ್ತು ಅನ್ನಬಹುದು. ಈಗ ಹೇಳೋದು ಹಂಗಲ್ಲ.

ನಮ್ಮ ಅಜ್ಜಿ ಸೋಬಾನೆ ಪದ ಹಾಡ್ತಿದ್ರು. ನಮ್ಮೂರ ಕಡೆ ಮದುವೆಗಳಲ್ಲಿ ಎಣ್ಣೆ ಶಾಸ್ತ್ರಕ್ಕೆ, ಧಾರೆಗೆ, ಹೆಣ್ಣು ಕಳಿಸೋದಕ್ಕೆ, ಒಂದೊಂದಕ್ಕೂ ಒಂದೊಂದು ಪದ. ಯಾವುದೂ ಬರೆದಿಟ್ಟಿದ್ದಲ್ಲ, ಅವರಿಗೆ ಓದೋಕೂ ಬರ್ತಿರಲಿಲ್ಲ. 2019ರ ಯುಗಾದಿಗೆ ಊರಿಗೆ ಹೋದಾಗ, ಹೋಳಿಗೆ ತಿಂದು ಜಗಲಿ ಮೇಲೆ ಕೂತಿದ್ವಿ. ಫೋನ್ ಮುಂದಿಟ್ಟು "ಹಾಡಜ್ಜಿ" ಅಂದೆ. "ಮದುವೆ ಇಲ್ದೆ ಮನೇಲಿ ಸುಮ್ನೆ ಹಾಡ್ತಾರೇನೋ" ಅಂತ ಬೈದು, ಆಮೇಲೆ ಹನ್ನೊಂದು ಪದ ಹಾಡಿದ್ರು. ಮಧ್ಯೆ ಮಧ್ಯೆ ಕೋಳಿ ಕೂಗು, ಕೆಮ್ಮು, ನಮ್ಮಮ್ಮನ ನಗು, ಎಲ್ಲ ರೆಕಾರ್ಡ್ ಆಗಿತ್ತು.

ರೆಕಾರ್ಡ್ ಮಾಡಿದ್ದು ಒಂದು ಫ್ರೀ ಆಪ್‌ನಲ್ಲಿ. ಹೆಸರು ಬೇಡ. ನನ್ನದು ಆಗ ಸ್ಟೋರೇಜ್ ಯಾವಾಗಲೂ ಫುಲ್ ಆಗಿರ್ತಿದ್ದ ಫೋನು. ಆ ಆಪ್ ಎಲ್ಲಾನೂ ತನ್ನ ಕ್ಲೌಡ್‌ನಲ್ಲಿ ಇಟ್ಕೊಂಡು ಫೋನಲ್ಲಿ ಜಾಗ ಖಾಲಿ ಮಾಡ್ತಿತ್ತು. ನನಗೆ ಅದೇ ಖುಷಿ.

2021ರಲ್ಲಿ ಅಜ್ಜಿ ತೀರಿಕೊಂಡ್ರು. ಆಗ ಕೇಳೋಕೆ ಮನಸ್ಸು ಬರಲಿಲ್ಲ. ಮುಂದಿನ ವರ್ಷ ಅಕ್ಕನ ಮದುವೆ ಗೊತ್ತಾಯ್ತು. ಶಾಸ್ತ್ರದ ದಿನ ಅಜ್ಜಿ ದನಿ ಹಾಕೋಣ ಅಂತ ಆಪ್ ತೆಗೆದ್ರೆ ಲಾಗಿನ್ ಆಗ್ತಿಲ್ಲ. ಹುಡುಕಿ ನೋಡಿದ್ರೆ ಕಂಪನಿ ಬಾಗಿಲು ಹಾಕಿ ತಿಂಗಳುಗಳೇ ಆಗಿದ್ವು. ಅವರು ಮೋಸ ಏನೂ ಮಾಡಿರಲಿಲ್ಲ. ಅರವತ್ತು ದಿನದೊಳಗೆ ಡೌನ್‌ಲೋಡ್ ಮಾಡ್ಕೊಳ್ಳಿ ಅಂತ ಮೇಲ್ ಕಳಿಸಿದ್ರು. ಅದು ನನ್ನ ಜಿಮೇಲ್‌ನ ಪ್ರಮೋಷನ್ಸ್ ಟ್ಯಾಬಲ್ಲಿ, ಪಿಜ್ಜಾ ಆಫರ್‌ಗಳ ಮಧ್ಯೆ ಬಿದ್ದಿತ್ತು.

ಹನ್ನೊಂದು ಪದದಲ್ಲಿ ಉಳಿದಿದ್ದು ನಲವತ್ತು ಸೆಕೆಂಡು. ಅವತ್ತು ಜಗಲಿ ಮೇಲಿಂದಲೇ ಅಮ್ಮನಿಗೆ ವಾಟ್ಸಾಪಲ್ಲಿ ಒಂದು ತುಣುಕು ಕಳಿಸಿದ್ದೆ. ಅಮ್ಮ ಏನನ್ನೂ ಡಿಲೀಟ್ ಮಾಡಲ್ಲ. ಗುಡ್ ಮಾರ್ನಿಂಗ್ ಹೂವಿನ ಫೋಟೋಗಳಿಂದ ಫೋನ್ ಹ್ಯಾಂಗ್ ಆಗ್ತಿದ್ರೂ ಡಿಲೀಟ್ ಮಾಡಲ್ಲ. ಅದಕ್ಕೆ ಎಷ್ಟು ಸಲ ರೇಗಿದ್ದೀನೋ ನಾನು. ಮದುವೇಲಿ ಆ ನಲವತ್ತು ಸೆಕೆಂಡನ್ನೇ ಮೂರು ಸಲ ಹಾಕಿದ್ವಿ.

ಸರಿ, ವಿಷಯಕ್ಕೆ ಬರ್ತೀನಿ. ಸೇವೆಗಳು ಮುಚ್ಚೋದು ಅಪರೂಪ ಏನಲ್ಲ. ಆರ್ಕುಟ್ 2014ರಲ್ಲಿ ಹೋಯ್ತು. ಗೂಗಲ್ ಪ್ಲಸ್ 2019ರಲ್ಲಿ, ಹೈಕ್ ಮೆಸೆಂಜರ್ 2021ರಲ್ಲಿ. ಕೂ ನೆನಪಿದೆಯಾ, ಹಳದಿ ಹಕ್ಕಿ? ಬೆಂಗಳೂರಿನದೇ ಕಂಪನಿ, 2020ರಲ್ಲಿ ಮೊದಲು ಶುರುವಾಗಿದ್ದೇ ಕನ್ನಡದಲ್ಲಿ. ಟ್ವಿಟರ್‌ಗೆ ಹೋಗೋಕೆ ಹಿಂಜರಿತಿದ್ದ ಎಷ್ಟೋ ಜನ ಅಲ್ಲಿ ಕನ್ನಡದಲ್ಲೇ ಹನಿಗವನ, ಊರಿನ ಸುದ್ದಿ ಎಲ್ಲ ಬರೀತಿದ್ರು. 2024ರ ಜುಲೈನಲ್ಲಿ ಮುಚ್ಚುತ್ತೀವಿ ಅಂತ ಪ್ರಕಟಿಸಿದ್ರು. ಅಲ್ಲಿ ಬರೆದಿದ್ದನ್ನ ಬೇರೆ ಕಡೆ ಇಟ್ಟುಕೊಂಡೋರದ್ದು ಮಾತ್ರ ಉಳೀತು.

ಮುಚ್ಚದೇ ಇದ್ರೂ ನಿಯಮ ಬದಲಾಗುತ್ತೆ. ಗೂಗಲ್ ಫೋಟೋಸ್ ಎಷ್ಟು ಬೇಕಾದ್ರೂ ಫ್ರೀ ಅಂತಿದ್ದಿದ್ದು 2021ರ ಜೂನ್ 1ಕ್ಕೆ ನಿಲ್ತು, ಈಗ 15 ಜಿಬಿ ಲೆಕ್ಕ. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಕೂಡ ಅದೇ 15 ಜಿಬಿ ಒಳಗೆ ಬಂತು. ಎರಡು ವರ್ಷ ಮುಟ್ಟದೇ ಇಟ್ಟ ಗೂಗಲ್ ಅಕೌಂಟನ್ನ ಅಳಿಸಬಹುದು ಅಂತಲೂ ನಿಯಮ ಇದೆ. ಮನೇಲಿ ಯಾರಾದ್ರೂ ತೀರಿಕೊಂಡಿದ್ದು, ಅವರ ಫೋಟೋಗಳು ಅವರ ಅಕೌಂಟಲ್ಲೇ ಇದ್ರೆ, ಇದನ್ನ ದಯವಿಟ್ಟು ಲಘುವಾಗಿ ತಗೋಬೇಡಿ.

ಹಾಗಂತ ಕ್ಲೌಡ್ ಬೇಡ, ಗೇಮಿಗೆ ದುಡ್ಡು ಹಾಕಬೇಡಿ ಅಂತ ಉಪದೇಶ ಮಾಡೋಕೆ ನಾನು ಬಂದಿಲ್ಲ. ನಾನೂ ಹಾಕ್ತೀನಿ. ಸಿನಿಮಾಗೆ ಟಿಕೆಟ್ ತಗೊಂಡು ಥಿಯೇಟರ್ ನಂದು ಅನ್ನಲ್ವಲ್ಲ, ಹಂಗೆ. ಮಜಾ ಬಂತಾ, ಆಯ್ತು, ಅದು ಖರ್ಚು. ಬಾಡಿಗೆ ಕಟ್ಟೋದು ತಪ್ಪಲ್ಲ. ಬಾಡಿಗೆ ಮನೇಲಿ ಬಾವಿ ತೋಡಿಸಬಾರದು ಅಷ್ಟೇ.

ನಾನು ಈಗ ಮಾಡ್ತಿರೋದು ಇಷ್ಟು. ಒಂದು, ಫೋನಲ್ಲಿ ಇರೋದನ್ನ ಎರಡು ಭಾಗ ಮಾಡಿದ್ದೀನಿ: ಮತ್ತೆ ದುಡ್ಡು ಕೊಟ್ರೆ ಸಿಗೋದು, ಎಷ್ಟು ಕೊಟ್ರೂ ಸಿಗದೇ ಇರೋದು. ಗೇಮ್, ಸಿನಿಮಾ, ಹಾಡು ಮೊದಲನೇ ಗುಂಪು. ಮನೆಯವರ ದನಿ, ಫೋಟೋ, ನಾನೇ ಬರೆದಿದ್ದು, ಈ ಪಾಡ್‌ಕಾಸ್ಟಿನ ಆಡಿಯೋ ಎರಡನೇ ಗುಂಪು. ತಲೆ ಕೆಡಿಸ್ಕೊಳ್ಳೋದು ಎರಡನೇದಕ್ಕೆ ಮಾತ್ರ.

ಎರಡು, ಕಂಪ್ಯೂಟರ್‌ನೋರು ಹೇಳೋ 3-2-1 ಲೆಕ್ಕ. ಮೂರು ಪ್ರತಿ, ಎರಡು ಬೇರೆ ಬೇರೆ ತರದ ಜಾಗ, ಅದರಲ್ಲಿ ಒಂದು ಮನೆಯಿಂದ ಹೊರಗೆ. ನನ್ನದು ಹೀಗಿದೆ: ಫೋನ್ ಒಂದು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದು, ಅದರದ್ದೇ ಇನ್ನೊಂದು ಕಾಪಿ ಊರಲ್ಲಿ ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕ.

ಮೂರು, ಗೂಗಲ್ ಟೇಕ್‌ಔಟ್ ಅಂತ ಒಂದು ಸೌಲಭ್ಯ ಇದೆ, ನಿಮ್ಮ ಫೋಟೋ, ಮೇಲ್ ಎಲ್ಲ ಒಟ್ಟಿಗೆ ಡೌನ್‌ಲೋಡ್ ಮಾಡಿಕೊಳ್ಳೋಕೆ. ವಾಟ್ಸಾಪಲ್ಲಿ ಎಕ್ಸ್‌ಪೋರ್ಟ್ ಚಾಟ್ ಇದೆ. ವರ್ಷಕ್ಕೆ ಒಂದು ದಿನ ಸಾಕು. ನಾನು ಆಯುಧ ಪೂಜೆ ದಿನ ಮಾಡ್ತೀನಿ. ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಡೌನ್‌ಲೋಡ್‌ಗೆ ಹಾಕಿ, ಚರುಪು ತಿನ್ನೋಕೆ ಕೂತ್ಕೋತೀನಿ. ಗೇಮ್ ನಿಜವಾಗಿ ಇಟ್ಕೋಬೇಕು ಅನ್ನೋರಿಗೆ ಗಾಗ್ ಅಂತ ಸೈಟ್ ಇದೆ, ಇನ್‌ಸ್ಟಾಲರ್ ಫೈಲನ್ನೇ ಡೌನ್‌ಲೋಡ್ ಮಾಡಿ ನಿಮ್ಮ ಡಿಸ್ಕಲ್ಲಿ ಇಟ್ಕೋಬಹುದು.

ಚಿಕ್ಕಪ್ಪನ ಮಗನ ಕಥೆ ಏನಾಯ್ತು ಅಂತೀರಾ? ಇಷ್ಟೆಲ್ಲ ಭಾಷಣ ಕೊಟ್ಟೆ. ಕೊನೆವರೆಗೂ ಕೇಳಿ, "ಸರಿ ಅಣ್ಣಾ, ಬಾಡಿಗೆ ಅಂತಲೇ ಅನ್ಕೋ, ಹಾಕು" ಅಂದ. ಹಾಕಿದೆ. ಆದ್ರೆ ಒಂದು ಷರತ್ತು ಮೇಲೆ. ಅವರಮ್ಮ, ಅಂದ್ರೆ ನಮ್ಮ ಚಿಕ್ಕಮ್ಮನಿಗೆ ಅಜ್ಜಿಯ ನಾಲ್ಕೈದು ಪದ ಪೂರ್ತಿ ಬರುತ್ತೆ. ಅವನ್ನ ರೆಕಾರ್ಡ್ ಮಾಡಿ ನನಗೆ, ನಮ್ಮಮ್ಮನಿಗೆ, ಅಕ್ಕನಿಗೆ, ಮೂರು ಜನಕ್ಕೂ ಫೈಲ್ ಕಳಿಸಬೇಕು. ನಿನ್ನೆ ರಾತ್ರಿ ಮೊದಲನೇದು ಬಂತು. ಹಿಂದಗಡೆ ಗೇಮಿನ ಗುಂಡಿನ ಸದ್ದು ಕೇಳ್ತಿದೆ. ಪರವಾಗಿಲ್ಲ, ಇಟ್ಕೊಂಡಿದ್ದೀನಿ.

ನಿಮ್ಮ ಫೋನಲ್ಲಿರೋ ಯಾವುದು ಹೋದ್ರೆ ಮತ್ತೆ ಸಿಗಲ್ಲ? ಇವತ್ತು ಮಲಗೋ ಮುಂಚೆ ಅದೊಂದನ್ನ ಇನ್ನೊಂದು ಜಾಗಕ್ಕೆ ಕಾಪಿ ಮಾಡಿ. ಬರೀ ಒಂದು. ಮುಂದಿನ ವಾರ ಸಿಗೋಣ. ನಮಸ್ಕಾರ.