ಬೀಜವೊಂದೇ ತಳಿಯಲ್ಲ

(ಸಂಘಗಳ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಕೆಲವು ವರ್ಷಗಳ ಹಿಂದೆ ಒಂದು ಸಂಘದ ಸಭೆ ಮುಗಿಸಿ ಜೀಪು ಹತ್ತುತ್ತಿದ್ದಾಗ ವಯಸ್ಸಾದ ಸದಸ್ಯೆಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ಡಾಕ್ಟ್ರೇ, ನಮ್ಮನೆ ಪಡ್ಡೆಗೂ ನನ್ನ ತಂಗಿ ಮನೆ ಪಡ್ಡೆಗೂ ಅಪ್ಪ ಒಂದೇ ಅಂತ ನೀವೇ ಹೇಳಿದ್ರಿ. ಅವುಗಳ ಅವ್ವಂದಿರೂ ಒಡಹುಟ್ಟಿದವು. ಈಗ ಎರಡೂ ಕರು ಹಾಕವೆ. ಅವಳದು ಹೊತ್ತಿಗೆ ಏಳು ಲೀಟರ್ ಕೊಡ್ತದೆ, ನನ್ನದು ನಾಕು ದಾಟಾಕಿಲ್ಲ. ಸೂಜಿಯಲ್ಲಿ ಏನಾದ್ರೂ ಮೋಸ ಆಯ್ತಾ?" ಎಂದು ಕೇಳಿದರು.

"ಒಂದೇ ತಾಯಿಯ ಮಕ್ಕಳೂ ಒಂದೇ ರೀತಿ ಇರುವುದಿಲ್ಲವಲ್ಲಮ್ಮ" ಎಂದು ಹೇಳಿ ನಾನು ಜೀಪು ಹತ್ತಿದೆ. ಹೇಳಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಉತ್ತರ. ಉಳಿದ ಅರ್ಧವನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳಬೇಕೆಂದಿದ್ದೇನೆ. ಅದಕ್ಕಾಗಿ ಸ್ವಲ್ಪ ದೂರದಿಂದ, ಜೀವಿಗಳ ವಿಕಾಸದ ವಿಚಾರದಿಂದ ಆರಂಭಿಸುತ್ತೇನೆ. ಕೊನೆಗೆ ನಿಮ್ಮ ಕೊಟ್ಟಿಗೆಗೇ ಬಂದು ಸೇರುತ್ತೇನೆ.

ಡಾರ್ವಿನ್ ಹೇಳಿದ್ದು, ಆಮೇಲೆ ಸೇರಿದ್ದು

1859ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಜೀವಜಾತಿಗಳ ಉಗಮದ ಬಗ್ಗೆ ತನ್ನ ಗ್ರಂಥವನ್ನು ಪ್ರಕಟಿಸಿದ. ಒಂದೇ ಜಾತಿಯ ಜೀವಿಗಳಲ್ಲಿ ವ್ಯತ್ಯಾಸಗಳಿರುತ್ತವೆ. ಸನ್ನಿವೇಶಕ್ಕೆ ಹೊಂದುವಂಥವು ಹೆಚ್ಚು ಮರಿ ಹಾಕಿ ಉಳಿಯುತ್ತವೆ. ಹೀಗೆ ತಲೆಮಾರುಗಳು ಕಳೆದಂತೆ ಜಾತಿಯೇ ಬದಲಾಗುತ್ತದೆ ಎಂಬುದು ಅದರ ಸಾರಾಂಶ. ಈ ಗ್ರಂಥದ ಮೊದಲ ಅಧ್ಯಾಯವೇ ಸಾಕುಪ್ರಾಣಿ ಮತ್ತು ಬೆಳೆಗಳನ್ನು ಕುರಿತದ್ದು. ಎಂದರೆ, ನಿಮ್ಮಂಥ ರೈತರು ಒಳ್ಳೆಯ ಹೋರಿ, ಒಳ್ಳೆಯ ಹಸುವನ್ನು ಆರಿಸಿಕೊಳ್ಳುವುದನ್ನು ಮುಂದಿಟ್ಟುಕೊಂಡೇ ಅವನು ನಿಸರ್ಗದ ಆಯ್ಕೆಯನ್ನು ವಿವರಿಸಿದ.

ಆದರೆ ಗುಣಗಳು ತಾಯಿತಂದೆಯಿಂದ ಮರಿಗೆ ಹೇಗೆ ದಾಟುತ್ತವೆ ಎಂಬುದು ಡಾರ್ವಿನ್ನನಿಗೆ ಬಗೆಹರಿಯಲಿಲ್ಲ. ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿದ ಮೆಂಡೆಲ್ 1866ರಲ್ಲಿ ಇದಕ್ಕೆ ದಾರಿ ತೋರಿಸಿದ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಇಬ್ಬರ ವಿಚಾರಗಳು ಕೂಡಿಕೊಂಡವು. ಈ ಕೂಡುವಿಕೆಯ ಬಗ್ಗೆ ಜೂಲಿಯನ್ ಹಕ್ಸ್‌ಲಿ 1942ರಲ್ಲಿ ಪುಸ್ತಕ ಬರೆದ. ಇದರ ಗಣಿತ ಕಟ್ಟಿದವರಲ್ಲಿ ಒಬ್ಬರಾದ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ನಮ್ಮ ದೇಶಕ್ಕೇ ಬಂದು ನೆಲೆಸಿ, ಭುವನೇಶ್ವರದಲ್ಲಿ 1964ರಲ್ಲಿ ತೀರಿಕೊಂಡರು. ಇಂದು ನಾವು ಮಾಡುವ ಕೃತಕ ಗರ್ಭಧಾರಣೆ, ಹೋರಿಗಳ ಆಯ್ಕೆ, ಹಾಲಿನ ದಾಖಲೆ ಎಲ್ಲಕ್ಕೂ ಈ ವಿಜ್ಞಾನವೇ ಬುನಾದಿ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಈ ಲೆಕ್ಕದಲ್ಲಿ ಒಂದು ಅಂಶ ಹಿಂದೆ ಸರಿಯಿತು. ವಂಶವಾಹಿ ಎಂಬುದು ಬೀಜ. ಬೀಜ ಬೆಳೆದು ಹಸುವಾಗುವ ದಾರಿ ಒಂದಿದೆಯಲ್ಲ, ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಅದೇ 1942ರಲ್ಲಿ ವಾಡಿಂಗ್ಟನ್ ಎಂಬ ವಿಜ್ಞಾನಿ ಈ ದಾರಿಯ ಕಡೆ ಬೆರಳು ತೋರಿಸಿದ. ಮುಂದೆ ಅವನು ಕೊಟ್ಟ ಒಂದು ಚಿತ್ರ ಪ್ರಸಿದ್ಧವಾಯಿತು. ಗುಡ್ಡದ ತುದಿಯಿಂದ ಒಂದು ಗುಂಡನ್ನು ಉರುಳಿಬಿಟ್ಟಿದ್ದೇವೆ ಎಂದಿಟ್ಟುಕೊಳ್ಳಿ. ಇಳಿಜಾರಿನಲ್ಲಿ ಹಲವು ಕೊರಕಲುಗಳಿವೆ. ಮೇಲೆ ಇರುವಾಗ ಸ್ವಲ್ಪ ತಳ್ಳಿದರೂ ಗುಂಡು ಬೇರೆ ಕೊರಕಲಿಗೆ ಇಳಿದುಬಿಡುತ್ತದೆ. ಕೆಳಗೆ ಬಂದ ಮೇಲೆ ಎಷ್ಟು ತಳ್ಳಿದರೂ ಪಕ್ಕದ ಕೊರಕಲಿಗೆ ಹೋಗದು. ಬೆಳವಣಿಗೆ ಇರುವುದೇ ಹೀಗೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ಈಗ ಹಲವು ವಿಜ್ಞಾನಿಗಳು ವಿಕಾಸದ ಲೆಕ್ಕಕ್ಕೆ ವಂಶವಾಹಿಯ ಜೊತೆಗೆ ಇನ್ನೂ ಮೂರನ್ನು ಸೇರಿಸಬೇಕು ಎನ್ನುತ್ತಾರೆ. ಮೊದಲನೆಯದು ಬೆಳವಣಿಗೆ, ಎರಡನೆಯದು ರೂಢಿ ಅಥವಾ ಸಂಸ್ಕೃತಿ, ಮೂರನೆಯದು ಜೀವಿಗಳು ತಾವೇ ಮಾರ್ಪಡಿಸಿಕೊಂಡ ಪರಿಸರ. ಹೊಸ ಸಿದ್ಧಾಂತವೇನೂ ಬೇಕಿಲ್ಲ, ಹಳೆಯದರಲ್ಲೇ ಇವಕ್ಕೆ ಜಾಗವಿದೆ ಎನ್ನುವವರೂ ಇದ್ದಾರೆ. 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಎರಡೂ ಕಡೆಯವರು ಎದುರುಬದುರಾಗಿ ವಾದ ಮಂಡಿಸಿದರು. ಆ ವಾದ ವಿದ್ವಾಂಸರಿಗಿರಲಿ. ಈ ಮೂರೂ ಕೆಲಸ ಮಾಡುತ್ತವೆ ಎಂಬುದಕ್ಕೆ ಸಾಕ್ಷಿ ನಮ್ಮ ಹಾಲಿನ ಚೆಂಬಿನಲ್ಲೇ ಇದೆ.

ಮೊದಲು ರೂಢಿ, ಆಮೇಲೆ ರಕ್ತಗುಣ

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಅರಗಿಸಲು ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಮೊಲೆ ಬಿಟ್ಟ ಮೇಲೆ ಪ್ರಾಣಿಗಳಲ್ಲಿ ಈ ಕಿಣ್ವ ಕಡಿಮೆಯಾಗಿಬಿಡುತ್ತದೆ. ಮನುಷ್ಯರಲ್ಲೂ ಜಗತ್ತಿನ ವಯಸ್ಕರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಸ್ಥಿತಿ ಇದೇ. ಉಳಿದವರಲ್ಲಿ ಮಾತ್ರ ವಂಶವಾಹಿಯ ಒಂದು ಸಣ್ಣ ಬದಲಾವಣೆಯಿಂದಾಗಿ ಈ ಕಿಣ್ವ ಜೀವನಪರ್ಯಂತ ಉಳಿಯುತ್ತದೆ.

ಈ ಬದಲಾವಣೆ ಎಲ್ಲಿ ಹೆಚ್ಚಾಗಿದೆ? ಬಹುಕಾಲ ದನ ಸಾಕಿ ಹಾಲು ಕುಡಿದ ಜನರಲ್ಲಿ. ಉತ್ತರ ಯೂರೋಪಿನವರಲ್ಲಿ ಒಂದು ಬಗೆಯ ಬದಲಾವಣೆ ಇದ್ದರೆ, ಪೂರ್ವ ಆಫ್ರಿಕದ ದನಗಾಹಿಗಳಲ್ಲಿ ಬೇರೆಯದೇ ಬಗೆ ಇದೆ ಎಂದು 2007ರಲ್ಲಿ ತಿಳಿದುಬಂತು. ಭಾರತದಲ್ಲಿ ಕಾಣುವುದು ಯೂರೋಪಿನವರಲ್ಲಿರುವ ಬಗೆಯೇ. ವಾಯವ್ಯ ಭಾಗದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ ಎಂದು 2012ರ ಅಧ್ಯಯನವೊಂದು ತೋರಿಸಿತು.

ಇದರಲ್ಲಿ ಮುಖ್ಯವಾದ ವಿಷಯವೆಂದರೆ ಯಾವುದು ಮೊದಲು ಎಂಬುದು. ಇಂದಿನ ಟರ್ಕಿ ದೇಶದಲ್ಲಿ ಸಿಕ್ಕ ಎಂಟು ಸಾವಿರ ವರ್ಷಕ್ಕೂ ಹಳೆಯ ಮಡಕೆ ಚೂರುಗಳಲ್ಲಿ ಹಾಲಿನ ಜಿಡ್ಡು ಅಂಟಿಕೊಂಡಿತ್ತು. ಆದರೆ ಯೂರೋಪಿನ ಮೊದಲ ರೈತರ ಎಲುಬುಗಳನ್ನು ಪರೀಕ್ಷಿಸಿದಾಗ ಅವರಲ್ಲಿ ಆ ವಂಶವಾಹಿಯ ಬದಲಾವಣೆ ಕಾಣಲಿಲ್ಲ. ಎಂದರೆ ಹಾಲಿನ ಬಳಕೆ ಮೊದಲು ಬಂತು. ಹಾಲನ್ನು ಅರಗಿಸುವ ಗುಣ ಸಾವಿರಾರು ವರ್ಷಗಳ ನಂತರ ಹರಡಿತು. ಮನುಷ್ಯನ ರೂಢಿಯೇ ಮನುಷ್ಯನ ಶರೀರವನ್ನು ತಿದ್ದಿತು.

ರೂಢಿಯೊಂದೇ ಕೆಲಸ ಮುಗಿಸಿದ್ದೂ ಉಂಟು. ಮಂಗೋಲಿಯದ ಜನ ಹಾಲಿನ ಪದಾರ್ಥಗಳನ್ನು ಹೇರಳವಾಗಿ ಬಳಸುತ್ತಾರೆ. ಆದರೆ ಅವರಲ್ಲಿ ಈ ವಂಶವಾಹಿ ತೀರಾ ಅಪರೂಪ. ಅವರು ಹಾಲನ್ನು ಹುಳಿ ಬರಿಸಿ ಸೇವಿಸುತ್ತಾರೆ. ನಮ್ಮ ಅಜ್ಜಿಯರು ಹೆಪ್ಪು ಹಾಕಿ ಮಾಡಿದ್ದೂ ಅದೇ ಕೆಲಸ. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಲ್ಯಾಕ್ಟೋಸನ್ನು ಒಂದಿಷ್ಟು ತಿಂದು ಹುಳಿಯಾಗಿಸುತ್ತವೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಜನರಿಗೆ ಮೊಸರು ಮಜ್ಜಿಗೆ ಒಗ್ಗುವುದು ಇದರಿಂದಲೇ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ಹೆಪ್ಪಿನ ಪಾತ್ರೆಯೂ ಒಂದು ಆಸ್ತಿಯೇ. ಅದು ರಕ್ತದಲ್ಲಿ ಬರುವುದಿಲ್ಲ, ಆದರೂ ವಂಶಪಾರಂಪರ್ಯವಾಗಿ ಬರುತ್ತದೆ.

ಅಮೃತ ಮಹಲಿನ ಪಾಠ

ರೂಢಿ ಮನುಷ್ಯನನ್ನು ತಿದ್ದಿದಂತೆ ದನವನ್ನೂ ತಿದ್ದಿದೆ. ನಮ್ಮ ಅಮೃತ ಮಹಲ್ ತಳಿಯನ್ನೇ ನೋಡಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದು ಬೆಣ್ಣೆ ಚಾವಡಿ ಎನಿಸಿತ್ತು. ಅಮೃತ ಮಹಲ್ ಎಂಬ ಹೆಸರು ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. ಆ ಹೊತ್ತಿಗೆ ಅರಸರಿಗೆ ಬೇಕಾಗಿದ್ದುದು ಫಿರಂಗಿ, ಸರಂಜಾಮು ಎಳೆಯುವ ಗಟ್ಟಿ ಎತ್ತುಗಳು. ಅದಕ್ಕಾಗಿ ಕಾವಲುಗಳನ್ನು ಮೀಸಲಿಟ್ಟರು. ದನಗಳು ಬಯಲಿನಲ್ಲೇ ಮೇದು, ಬಯಲಿನಲ್ಲೇ ಈಯುತ್ತಿದ್ದವು. ಹಸುಗಳನ್ನು ಕರೆಯುತ್ತಿರಲಿಲ್ಲ, ಹಾಲೆಲ್ಲ ಕರುವಿಗೇ. ಹೀಗೆ ಆರಿಸಿದ ಹೋರಿ, ಕಾವಲಿನ ಹುಲ್ಲು, ತಾಯಿಯ ಪೂರ್ತಿ ಹಾಲು, ಅರಸರ ಅಗತ್ಯ ನಾಲ್ಕೂ ಸೇರಿ ಆ ತಳಿ ಆಯಿತು. ಕಾವಲುಗಳು ಕರಗಿ, ಎತ್ತಿನ ಕೆಲಸ ಕಡಿಮೆಯಾದಂತೆ ತಳಿಯೂ ಕ್ಷೀಣಿಸಿತು. ಅಜ್ಜಂಪುರದ ಕೇಂದ್ರದಲ್ಲಿ ಅದನ್ನು ಉಳಿಸುವ ಪ್ರಯತ್ನ ನಡೆದಿದೆ. ಇದರ ಪಾಠ ಇಷ್ಟೇ: ಬೀಜವನ್ನು ಉಳಿಸಿ, ಅದು ಬೆಳೆಯುವ ಜಾಗವನ್ನು ಕಳೆದರೆ ತಳಿ ಉಳಿಯುವುದಿಲ್ಲ.

ಕರುವಿನಲ್ಲಿ ನಡೆಯುವುದೇನು?

ಈಗ ಕೊಟ್ಟಿಗೆಗೆ ಬರೋಣ. ಗಬ್ಬದ ಹಸುವಿನ ಹೊಟ್ಟೆಯಲ್ಲಿ ಹೆಣ್ಣು ಕರು ಇದ್ದರೆ, ಆ ಕರುವಿನ ಅಂಡಾಶಯದಲ್ಲಿ ಅದರ ಮುಂದಿನ ಕರುಗಳ ಅಂಡಗಳು ಆಗಲೇ ಸಿದ್ಧವಾಗಿರುತ್ತವೆ. ಅಂದರೆ ಬತ್ತಿಸಿದ ಒಂದು ಹಸುವಿನ ಮೈಯಲ್ಲಿ ಮೂರು ತಲೆಮಾರು ಇರುತ್ತದೆ. ಅಮೆರಿಕದ ಫ್ಲಾರಿಡದಲ್ಲಿ, ಬತ್ತಿಸಿದ ಅವಧಿಯಲ್ಲಿ ಬಿಸಿಲ ಬೇಗೆ ಅನುಭವಿಸಿದ ಹಸುಗಳ ಹೆಣ್ಣು ಕರುಗಳು ಮುಂದೆ ಕಡಿಮೆ ಹಾಲು ಕೊಟ್ಟವು. 2020ರ ವರದಿಯಂತೆ ಆ ಪರಿಣಾಮ ಮೊಮ್ಮಕ್ಕಳಲ್ಲೂ ಕಂಡುಬಂತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತೇವೆ. ತಾಯಿಗೆ ನೆರಳಿತ್ತೇ ಎಂಬುದೂ ಆ ನೂಲಿನ ಒಂದು ಎಳೆ ಎಂಬುದನ್ನು ಮರೆಯುತ್ತೇವೆ.

ಹುಟ್ಟಿದ ಕರುವಿನ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು. ಹಸುವಿನಲ್ಲಿ ಮಾಸಿನ ಮೂಲಕ ಅದು ಕರುವಿಗೆ ದಾಟುವುದಿಲ್ಲ. ಗಿಣ್ಣು ಹಾಲಿನಿಂದಲೇ ಬರಬೇಕು. ಕರುಳು ಅದನ್ನು ನೇರವಾಗಿ ಹೀರಿಕೊಳ್ಳುವ ಬಾಗಿಲು ತೆರೆದಿರುವುದು ಸುಮಾರು 24 ಗಂಟೆ ಮಾತ್ರ. ಗಂಟೆ ಕಳೆದಂತೆ ಆ ಬಾಗಿಲು ಮುಚ್ಚುತ್ತಾ ಬರುತ್ತದೆ.

ಇಲ್ಲಿ ನನ್ನ ಮನೆಯದೇ ಒಂದು ಸಂಗತಿ ಹೇಳಬೇಕು. ನಾನು ಪದವಿ ಮುಗಿಸಿ ಬಂದ ವರ್ಷ ನಮ್ಮ ಹಸು ಹೆಣ್ಣು ಕರು ಹಾಕಿತು. ನಮ್ಮ ಊರಿನ ಪದ್ಧತಿಯಂತೆ ಅವ್ವ ಅಕ್ಕಪಕ್ಕದ ಮನೆಗಳಿಗೆಲ್ಲ ಗಿಣ್ಣು ಹಂಚಿದರು. ಕರುವಿಗೆ ಸಿಕ್ಕಿದ್ದು ಕೊನೆಯ ನಾಲ್ಕು ಗುಟುಕು. ಎಂಟನೆಯ ದಿನ ಭೇದಿಯಾಗಿ ಕರು ಸತ್ತಿತು. ಹಂಚಬೇಡಿ ಎಂದು ಹೇಳುವ ಓದು ನನಗಿತ್ತು, ಬಾಯಿ ಇರಲಿಲ್ಲ. ಅವ್ವನ ಔದಾರ್ಯ ತಪ್ಪಲ್ಲ. ಹಂಚಿದ ಹೊತ್ತು ತಪ್ಪು. ಮೊದಲ ದಿನದ್ದು ಕರುವಿಗೆ ಬಿಟ್ಟು ಮಿಕ್ಕದ್ದನ್ನು ಹಂಚಿದ್ದರೆ ಪದ್ಧತಿಯೂ ಉಳಿಯುತ್ತಿತ್ತು, ಕರುವೂ ಉಳಿಯುತ್ತಿತ್ತು.

ಇನ್ನು ಹೊಟ್ಟೆಯ ವಿಷಯ. ಬೆಳೆದ ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ಮೆಲುಕಿನ ದೊಡ್ಡ ಹೊಟ್ಟೆಯೇ ನೂರಕ್ಕೆ ಸುಮಾರು 80 ಭಾಗ. ಹುಟ್ಟಿದ ಕರುವಿನಲ್ಲಿ ಅದು ಚಿಕ್ಕದು, ಕೆಲಸಕ್ಕೆ ಬಾರದ್ದು. ಅದನ್ನು ಬೆಳೆಸುವುದು ವಂಶವಾಹಿಯೊಂದೇ ಅಲ್ಲ. ಕರು ತಿನ್ನುವ ಒಣ ಆಹಾರ, ಅದರ ಮೇಲೆ ನೆಲೆಸುವ ಸೂಕ್ಷ್ಮಜೀವಿಗಳು ಸೇರಿ ಬೆಳೆಸುತ್ತವೆ. ಈ ಸೂಕ್ಷ್ಮಜೀವಿಗಳು ವೀರ್ಯದ ಕಡ್ಡಿಯಲ್ಲಿ ಬರುವುದಿಲ್ಲ. ತಾಯಿಯ ನೆಕ್ಕುವಿಕೆ, ಜೊತೆಯ ದನ, ಮೇವು, ಕೊಟ್ಟಿಗೆಗಳಿಂದ ಬರುತ್ತವೆ. ಹೆಪ್ಪಿನ ಪಾತ್ರೆಯಂತೆಯೇ ಇದೂ ಒಂದು ಆಸ್ತಿ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2012ರಲ್ಲಿ ತಮ್ಮ ಹಿಂಡಿನ ಲೆಕ್ಕ ಪ್ರಕಟಿಸಿದರು. ಹಾಲು ಬಿಡಿಸುವ ಮೊದಲು ದಿನಕ್ಕೆ 100 ಗ್ರಾಂ ಹೆಚ್ಚು ತೂಕ ಏರಿದ ಕರುಗಳು ಮೊದಲ ಸೂಲಿನಲ್ಲಿ ಸರಾಸರಿ ಸುಮಾರು 85 ಕಿಲೋ ಹಾಲು ಹೆಚ್ಚು ಕೊಟ್ಟಿದ್ದವು. ನಮ್ಮಲ್ಲಿ ಅಂಕಿ ಬೇರೆ ಇರಬಹುದು. ದಿಕ್ಕು ಮಾತ್ರ ಇದೇ.

ಹಾಗೆಂದು ಅತಿಯಾಗಿಯೂ ತಿಳಿಯಬೇಡಿ. ತಲೆತಲಾಂತರದಿಂದ ನಾವು ಕಿವಿ ಚುಚ್ಚಿಸಿಕೊಂಡರೂ ಮಕ್ಕಳು ತೂತು ಕಿವಿಯಿಂದ ಹುಟ್ಟುವುದಿಲ್ಲ. ಕರುವಿನ ಕೋಡು ಸುಟ್ಟರೆ ಮುಂದಿನ ಕರು ಬೋಳಾಗಿ ಹುಟ್ಟುವುದಿಲ್ಲ. ನೀವು ಮಾಡಿದ್ದೆಲ್ಲ ರಕ್ತಕ್ಕೆ ಇಳಿಯುವುದಿಲ್ಲ. ಕೀಳು ಹೋರಿಯ ಕರುವಿಗೆ ಎಷ್ಟು ಹಿಂಡಿ ಹಾಕಿದರೂ ಮಿತಿ ಇದ್ದೇ ಇದೆ. ಬೀಜ ಬೇಕು. ಆದರೆ ಬೀಜದೊಳಗಿನ ಶಕ್ತಿಯನ್ನು ಹೊರಗೆ ತರುವುದು ಸಾಕಣೆ.

ನೀವು ಮಾಡಬೇಕಾದ್ದು

1. ಗಬ್ಬದ ಹಸುವನ್ನು ಕರು ಹಾಕುವ 2 ತಿಂಗಳ ಮೊದಲು ಬತ್ತಿಸಿ. ಹಾಲಿಲ್ಲವೆಂದು ಬಿಸಿಲಿಗೆ ಕಟ್ಟಬೇಡಿ. ನೆರಳು, ಸದಾ ನೀರು, ಹಸಿರು ಮೇವು ಕೊಡಿ.

2. ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಕುಡಿಸಿ. ಮಾಸು ಬೀಳಲಿ ಎಂದು ಕಾಯಬೇಡಿ. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗವಾದರೂ, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರ್ ಗಿಣ್ಣು ಹೊಟ್ಟೆಗೆ ಸೇರಲಿ. ಹಂಚುವುದು ಆಮೇಲೆ.

3. ಎರಡನೆಯ ವಾರದಿಂದ ಕರುವಿನ ಆಹಾರವನ್ನು ಒಂದು ಹಿಡಿ, ಎಳೆಯ ಒಣ ಹುಲ್ಲನ್ನು ಸ್ವಲ್ಪ ಮುಂದಿಡಿ. ಶುದ್ಧ ನೀರು ಇಡುವುದನ್ನು ಮರೆಯಬೇಡಿ.

4. ಕರುವನ್ನು ಒಣಗಿದ, ಗಾಳಿಯಾಡುವ ಜಾಗದಲ್ಲಿ ಕಟ್ಟಿ. ಜಂತುನಾಶಕ, ಲಸಿಕೆಗಳನ್ನು ವೈದ್ಯರು ಹೇಳಿದ ಕಾಲಕ್ಕೆ ಕೊಡಿಸಿ.

5. ಕರು ಹುಟ್ಟಿದ ದಿನ, ಹೋರಿಯ ಸಂಖ್ಯೆ, ಬೆದೆಗೆ ಬಂದ ದಿನ ಬರೆದಿಡಿ. ಬರೆಯದಿದ್ದರೆ ಆಯ್ಕೆ ಎಂಬುದೇ ಇಲ್ಲ.

ಆ ತಾಯಿಯ ಪ್ರಶ್ನೆಗೆ ಮತ್ತೆ ಬರುತ್ತೇನೆ. ಮುಂದೊಮ್ಮೆ ಅದೇ ಊರಿಗೆ ಹೋದಾಗ ಎರಡೂ ಮನೆಗೆ ಹೋಗಿ ವಿಚಾರಿಸಿದೆ. ತಂಗಿಯ ಮನೆಯ ಕರು ಹೊಟ್ಟೆತುಂಬ ಗಿಣ್ಣು ಕುಡಿದು, ಒಣ ಜಾಗದಲ್ಲಿ ಬೆಳೆದು, ಒಂದೂವರೆ ವರ್ಷದೊಳಗೆ ಬೆದೆಗೆ ಬಂದಿತ್ತು. ಅಕ್ಕನ ಕರು ಎರಡು ಸಲ ಭೇದಿ ಕಂಡು, ಮೂಲೆಯ ಗಂಜಳದಲ್ಲಿ ನಿಂತು ಬೆಳೆದಿತ್ತು. ವ್ಯತ್ಯಾಸವೆಲ್ಲ ಇದರಿಂದಲೇ ಎಂದು ನಾನು ಹೇಳಲಾರೆ. ಸೂಜಿಯಲ್ಲಿ ಮೋಸವಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ಆಕೆ ಸುಮ್ಮನೆ ಕೇಳಿಸಿಕೊಂಡು, "ಅದನ್ನ ಅವತ್ತೇ ಹೇಳಬಾರದಿತ್ತಾ ಡಾಕ್ಟ್ರೇ, ಇನ್ನೂ ಒಂದು ಕರು ಹಂಗೇ ಬೆಳೆಸಿಬಿಟ್ಟೆ" ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೇ ಇಂದು ಇಷ್ಟು ದೀರ್ಘವಾಗಿ ಹೇಳಿದ್ದೇನೆ. ಈ ವರ್ಷ ನಿಮ್ಮ ಮನೆಯಲ್ಲಿ ಹುಟ್ಟುವ ಹೆಣ್ಣು ಕರುವಿನ ತಂದೆಯನ್ನು ಆರಿಸಿಕೊಡುವುದು ನಮ್ಮ ಹೊಣೆ. ಅದರ ಮೊದಲ ಮೂರು ತಿಂಗಳು ನಿಮ್ಮ ಕೈಯಲ್ಲಿವೆ.